‘ಕಾನ್ಸಿಯೋನೆಸ್ ದೆ ಮಿ ಪಾದ್ರೆ’: ಹದಿಮೂರು ಹಾಡು, ಹಿಂದೆ ನಿಂತ ಹೆಣ್ಣುದನಿಗಳು

ಮೆಕ್ಸಿಕೊದ ರಾಂಚೆರಾ, ಅಂದರೆ ಹಳ್ಳಿಗಾಡಿನ ಪ್ರೀತಿ-ಸಂಕಟದ ಹಾಡುಗಳನ್ನು ಕೇಳಬೇಕು, ಯಾವುದರಿಂದ ಶುರು ಮಾಡಲಿ ಎಂದು ಕೇಳುವವರಿಗೆ ಕೊಡಬಹುದಾದ ಒಂದೇ ಉತ್ತರ ಲಿಂಡಾ ರಾನ್‌ಸ್ಟಾಟ್ 1987ರಲ್ಲಿ ಹೊರತಂದ ಈ ಆಲ್ಬಮ್. ಹೆಸರಿನ ಅರ್ಥ ‘ನನ್ನ ಅಪ್ಪನ ಹಾಡುಗಳು’. ಹದಿಮೂರು ಹಾಡು, ಸುಮಾರು ನಲವತ್ತು ನಿಮಿಷ. ಇದಕ್ಕಿಂತ ಎದೆಗೆ ನಾಟುವ ಹಾಡುಗಾರಿಕೆ ಮೆಕ್ಸಿಕೊದಲ್ಲಿ ಇದೆ, ಅದರ ಮಾತು ಮುಂದೆ ಬರುತ್ತದೆ. ಆದರೂ ಬಾಗಿಲು ಇದೇ ಆಗಬೇಕು ಎನ್ನಲು ಕಾರಣವಿದೆ. ಇದರ ಒಂದೊಂದು ಹಾಡಿನ ಬೆನ್ನಿಗೂ ಹಿಂದೆ ಅದೇ ದಾರಿಯಲ್ಲಿ ನಡೆದುಹೋದ ಇನ್ನೊಬ್ಬ ಹೆಣ್ಣುಮಗಳ ದನಿ ಇದೆ. ಲಿಂಡಾ ಆ ದನಿಗಳನ್ನು ಮುಚ್ಚಿಟ್ಟು ತಾನೇ ಮೊದಲಿಗಳೆಂಬಂತೆ ಹಾಡಿಲ್ಲ. ಕಿವಿಗೊಟ್ಟು ಕೇಳಿದರೆ ಯಾರ ಮನೆಯ ಹಾಡು, ಯಾರಿಂದ ಬಂದ ತಿರುವು ಎನ್ನುವುದು ತಾನಾಗಿ ತಿಳಿಯುತ್ತದೆ.

ಲಿಂಡಾ ಹುಟ್ಟಿದ್ದು 1946ರಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಮೆಕ್ಸಿಕೊದ ಸೊನೋರಾ ಪ್ರಾಂತ. ಅಜ್ಜ ಸೊನೋರಾದಿಂದ ಬಂದವರು, ಟೂಸಾನಿನಲ್ಲಿ ಬ್ಯಾಂಡ್ ಕಟ್ಟಿ ನಡೆಸಿದವರು. ಅತ್ತೆ ಲೂಯಿಸಾ ಎಸ್ಪಿನೆಲ್ ಮನೆತನದ ಹಾಡುಗಳನ್ನು ಇದೇ ಹೆಸರಿನ ಪುಟ್ಟ ಪುಸ್ತಕವಾಗಿ 1946ರಲ್ಲಿ ಹೊರತಂದಿದ್ದರು, ಆಲ್ಬಮ್‌ಗೆ ಹೆಸರು ಬಂದದ್ದು ಅಲ್ಲಿಂದ. ಮನೆಯಲ್ಲಿ ಸ್ಪ್ಯಾನಿಷ್ ಹಾಡು ಇತ್ತು, ಆದರೆ ಲಿಂಡಾಗೆ ಸ್ಪ್ಯಾನಿಷ್ ಸಲೀಸಾಗಿ ಮಾತಾಡಲು ಬರುತ್ತಿರಲಿಲ್ಲ. 1970ರ ದಶಕದಲ್ಲಿ ಆಕೆ ಅಮೆರಿಕದ ರಾಕ್ ಗಾಯನದ ದೊಡ್ಡ ಹೆಸರು. 1983ರಲ್ಲಿ ನೆಲ್ಸನ್ ರಿಡಲ್ ಅವರ ವಾದ್ಯವೃಂದದ ಜೊತೆ ಹಳೆಯ ಇಂಗ್ಲಿಷ್ ಹಾಡುಗಳನ್ನು ಹಾಡಿ ಎಲ್ಲರನ್ನೂ ಅಚ್ಚರಿಗೊಳಿಸಿದ್ದರು. ಆಮೇಲೆ ಇದು: ಇಂಗ್ಲಿಷಿನ ಒಂದು ಪದವೂ ಇಲ್ಲದ, ಡ್ರಮ್ ಸೆಟ್ಟಿಲ್ಲದ, ಎಲೆಕ್ಟ್ರಿಕ್ ಗಿಟಾರಿಲ್ಲದ ಆಲ್ಬಮ್. ಇದು ಅಮೆರಿಕದಲ್ಲೇ ಇಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಇಂಗ್ಲಿಷೇತರ ಭಾಷೆಯ ಆಲ್ಬಮ್‌ಗಳಲ್ಲಿ ಅಲ್ಲಿ ಅಷ್ಟು ಮಾರಾಟ ಕಂಡದ್ದು ಬೇರೆ ಇಲ್ಲ ಎಂಬ ಹೆಸರೂ ಬಂತು. 1989ರಲ್ಲಿ ಗ್ರ್ಯಾಮಿ ಸಿಕ್ಕಿತು.

ನಿರ್ಮಾಪಕರು ಇಬ್ಬರು. ಲಿಂಡಾಳ ಜೊತೆ 1970ರ ದಶಕದಿಂದ ಕೆಲಸ ಮಾಡಿದ ಪೀಟರ್ ಆಶರ್ ಒಬ್ಬರು, ರುಬೆನ್ ಫುಯೆಂತೆಸ್ ಇನ್ನೊಬ್ಬರು. ಎರಡನೆಯ ಹೆಸರನ್ನು ನೆನಪಿಟ್ಟುಕೊಳ್ಳಿ. ಹಲಿಸ್ಕೊ ಪ್ರಾಂತದ ತೆಕಾಲಿತ್ಲಾನ್ ಎಂಬ ಊರಿನಲ್ಲಿ 1890ರ ದಶಕದ ಕೊನೆಗೆ ಗಾಸ್ಪರ್ ವಾರ್ಗಾಸ್ ಕಟ್ಟಿದ ‘ಮಾರಿಯಾಚಿ ವಾರ್ಗಾಸ್’ ತಂಡಕ್ಕೆ (ಮಾರಿಯಾಚಿ ಅಂದರೆ ಪಿಟೀಲು, ಟ್ರಂಪೆಟ್, ಗಿಟಾರು ಬಗೆಯ ವಾದ್ಯಗಳ ಮೆಕ್ಸಿಕನ್ ಮೇಳ) ಫುಯೆಂತೆಸ್ 1944ರಲ್ಲಿ ಪಿಟೀಲು ಹಿಡಿದು ಸೇರಿದರು. ಅವರದು ಪಾಶ್ಚಾತ್ಯ ಶಾಸ್ತ್ರೀಯ ತರಬೇತಿ. ಕಿವಿಯಿಂದ ಕಿವಿಗೆ ಬರುತ್ತಿದ್ದ ವಾದನಕ್ಕೆ ಬರೆದ ಸ್ವರಲಿಪಿ, ಪಿಟೀಲುಗಳಿಗೆ ಪದರ ಪದರವಾದ ಜೋಡಣೆ, ಎರಡು ಟ್ರಂಪೆಟ್‌ಗಳ ಜೋಡಿ ಉತ್ತರ, ಹೀಗೆ ಇಂದು ನಾವು ‘ಮಾರಿಯಾಚಿ ಸದ್ದು’ ಎಂದು ಗುರುತಿಸುವುದರಲ್ಲಿ ಬಹುಪಾಲು ಅವರ ಕೈಗೆಲಸ. ಈ ಆಲ್ಬಮ್‌ನಲ್ಲಿ ಮಾರಿಯಾಚಿ ವಾರ್ಗಾಸ್ ಜೊತೆಗೆ ನಾಟಿ ಕಾನೊ ಅವರ ‘ಲೋಸ್ ಕಾಂಪೆರೋಸ್’, ಪೆದ್ರೊ ರೇ ಅವರ ‘ಲೋಸ್ ಗಾಯೆರೋಸ್’ ತಂಡಗಳೂ ನುಡಿಸಿವೆ. ಪಾಪ್ ತಾರೆಯೊಬ್ಬಳು ಹುಕಿಗೆ ಮಾಡಿದ ಆಲ್ಬಮ್ ಎಂದು ಬದಿಗಿಡುವವರು ಈ ಹೆಸರುಗಳನ್ನು ಒಮ್ಮೆ ಓದಬೇಕು.

ಮೊದಲು ಕೇಳುವ ಸಲಕರಣೆಯ ವಿಚಾರ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಮಾರಿಯಾಚಿಯಲ್ಲಿ ತಬಲಾ, ಡೋಲು ಯಾವುದೂ ಇಲ್ಲ. ತಾಳ ಹೊರುವುದು ಎರಡು ತಂತಿವಾದ್ಯ. ಒಂದು ಗಿತಾರೋನ್: ಹೊಟ್ಟೆ ಉಬ್ಬಿದ, ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಇಲ್ಲದ, ಆರು ತಂತಿಯ ಭಾರಿ ವಾದ್ಯ. ಇದರ ಮಂದ್ರದ ಕೊನೆಯ ತಂತಿ 55 ಹರ್ಟ್ಜ್. ವಾದಕರು ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ, ಎರಡು ತಂತಿ ಒಟ್ಟಿಗೆ ಎಳೆದು ನುಡಿಸುತ್ತಾರೆ, ಅಷ್ಟು ದೊಡ್ಡ ತಂಡದಲ್ಲೂ ಅದು ಕೇಳಿಸಲಿ ಎಂದು. ಇನ್ನೊಂದು ವಿವೇಲಾ: ಬೆನ್ನು ಉಬ್ಬಿದ, ಐದು ತಂತಿಯ ಚಿಕ್ಕ ಗಿಟಾರು, ಉಗುರಿನ ಹೊಡೆತಕ್ಕೆ ಚುರುಕಾಗಿ ಸಿಡಿಯುವಂಥದ್ದು. ಮೂರೆಣಿಕೆಯ ವಾಲ್ಟ್ಸ್ ನಡೆಯ ಹಾಡಿನಲ್ಲಿ ಗಿತಾರೋನ್ ಒಂದನೇ ಎಣಿಕೆ ಹಿಡಿಯುತ್ತದೆ, ವಿವೇಲಾ ಎರಡು ಮತ್ತು ಮೂರನ್ನು ಹಿಡಿಯುತ್ತದೆ.

ಈಗ ಇದನ್ನು ಫೋನಿನ ಸ್ಪೀಕರಿನಲ್ಲಿ ಹಾಕಿ. ಅಷ್ಟು ಚಿಕ್ಕ ಸ್ಪೀಕರು 200 ಹರ್ಟ್ಜ್‌ಗಿಂತ ಕೆಳಗಿನದನ್ನು ಹೆಚ್ಚುಕಡಿಮೆ ನುಂಗಿಹಾಕುತ್ತದೆ. ಗಿತಾರೋನಿನ 55 ಹೋಯಿತು, ಅದರ ಮೇಲಿನ ಸ್ಥಾಯಿಯ 110 ಕೂಡ ಹೋಯಿತು. ಉಳಿದದ್ದು ವಿವೇಲಾ ಮಾತ್ರ. ಸಮವೇ ಇಲ್ಲದ ಮೇಲೆ ಕಿವಿ ವಿವೇಲಾದ ಎರಡನೇ ಎಣಿಕೆಯನ್ನೇ ಒಂದು ಎಂದುಕೊಳ್ಳುತ್ತದೆ, ಇಡೀ ಹಾಡು ಹಿಂದುಮುಂದಾಗಿ ಕೇಳಿಸುತ್ತದೆ. ಟ್ರಂಪೆಟ್ ಮಾತ್ರ ಕಿವಿಗೆ ಚುಚ್ಚುತ್ತದೆ. ‘ಮಾರಿಯಾಚಿ ಅಂದರೆ ಬರೀ ಗದ್ದಲ’ ಎನ್ನುವ ದೂರು ಹುಟ್ಟುವುದು ಹೀಗೆ.

ಪರಿಹಾರ ದುಬಾರಿಯದಲ್ಲ. ಕಿವಿಯೊಳಗೆ ಬಿಗಿಯಾಗಿ ಕೂರುವ ಸಾಧಾರಣ ಇಯರ್‌ಫೋನ್ ಸಾಕು. ಕಿವಿಯಲ್ಲಿ ಸಡಿಲವಾಗಿ ಕೂತರೆ ಮಂದ್ರ ಸೋರಿಹೋಗುತ್ತದೆ, ಹಾಗಾಗಿ ಜೊತೆಗೆ ಬಂದ ರಬ್ಬರ್ ಬಿರಡೆಗಳಲ್ಲಿ ಸರಿಯಾದ ಅಳತೆ ಹುಡುಕಿ ಹಾಕಿ. ಸ್ಪೀಕರಿನಲ್ಲೇ ಕೇಳುವುದಾದರೆ ಗೋಡೆಗೆ ಒಂದಡಿ ಹತ್ತಿರ ಇಡಿ, ಮಂದ್ರ ತುಂಬಿಕೊಳ್ಳುತ್ತದೆ. ಮೂಲೆಗೆ ತಳ್ಳಬೇಡಿ, ಗುಮ್ಮೆನ್ನುತ್ತದೆ. ಈಕ್ವಲೈಜರ್ ಇದ್ದರೆ 3,000 ಹರ್ಟ್ಜ್ ಸುತ್ತ ಎರಡು ಡೆಸಿಬೆಲ್ ಇಳಿಸಿದರೆ ಟ್ರಂಪೆಟ್ ಪಳಗುತ್ತದೆ. ‘ಬಾಸ್ ಬೂಸ್ಟ್’ ಒತ್ತಬೇಡಿ, ಅದು ಗಿತಾರೋನಿನ ಬೆರಳಿನ ಸದ್ದನ್ನು ಮುಚ್ಚಿ ಬರೀ ಗುಂಯ್ ಉಳಿಸುತ್ತದೆ. ವಾಲ್ಯೂಮನ್ನು ಲಿಂಡಾಳ ಮೆಲುದನಿಗೆ ಹೊಂದಿಸಬೇಡಿ, ಟ್ರಂಪೆಟ್‌ಗಳು ಒಟ್ಟಿಗೆ ಎದ್ದ ಜಾಗಕ್ಕೆ ಹೊಂದಿಸಿ.

ಎರಡನೆಯ ತೊಡಕು ತಾಳ. ರಾಂಚೆರಾ ಮುಖ್ಯವಾಗಿ ಮೂರು ನಡೆಗಳಲ್ಲಿ ಬರುತ್ತದೆ: ಮೂರೆಣಿಕೆಯ ವಾಲ್ಟ್ಸ್, ಎರಡೆಣಿಕೆಯ ಪೋಲ್ಕಾ, ನಾಲ್ಕೆಣಿಕೆಯ ಬೊಲೆರೊ. ಇವು ಮೂರೂ ಸುಲಭ. ಕಷ್ಟ ಕೊಡುವುದು ವಾಪಾಂಗೊ. ಅದು ಹುಟ್ಟಿದ ನಾಡು ವಾಸ್ತೆಕಾ, ಮೆಕ್ಸಿಕೊದ ಪೂರ್ವದಲ್ಲಿ ವೆರಾಕ್ರೂಸ್, ಇದಾಲ್ಗೊ, ಸಾನ್ ಲೂಯಿಸ್ ಪೊತೊಸಿ ಮೊದಲಾದ ಪ್ರಾಂತಗಳಿಗೆ ಹರಡಿಕೊಂಡ ಪ್ರದೇಶ. ಅಲ್ಲಿ ಆರು ಎಣಿಕೆಯನ್ನು ಒಬ್ಬರು ಮೂರು ಮೂರಾಗಿ ಒಡೆಯುತ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ಎರಡು ಎರಡಾಗಿ ಒಡೆಯುತ್ತಾರೆ. ತಿಶ್ರದ ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ, ಆದರೆ ಎರಡೂ ಒಟ್ಟಿಗೆ ಓಡುವಾಗ ಗಾಬರಿಯಾಗುತ್ತದೆ. ಹೀಗೆ ಮಾಡಿ: ಒಂದರಿಂದ ಆರರವರೆಗೆ ಬಾಯಲ್ಲಿ ಎಣಿಸುತ್ತಾ ಬಲಗೈಯಿಂದ ತೊಡೆಯ ಮೇಲೆ ಒಂದು ಮತ್ತು ನಾಲ್ಕಕ್ಕೆ ತಟ್ಟಿ. ಅದು ಕೂತ ಮೇಲೆ ಕೈ ನಿಲ್ಲಿಸಿ, ಎಡಗೈಯಿಂದ ಒಂದು, ಮೂರು, ಐದಕ್ಕೆ ತಟ್ಟಿ. ಆಮೇಲೆ ಎರಡೂ ಕೈ ಸೇರಿಸಿ. ಎರಡು ಕೈಯೂ ಕೂಡುವುದು ಒಂದರಲ್ಲಿ ಮಾತ್ರ. ಹೆಚ್ಚಿನವರು ತಪ್ಪುವುದು ನಾಲ್ಕರಲ್ಲಿ, ಎಡಗೈ ಮೂರಕ್ಕೆ ತಟ್ಟಿದ ಬೆನ್ನಿಗೇ ಬಲಗೈ ಬೀಳಬೇಕಾದ ಜಾಗದಲ್ಲಿ. ನಿಧಾನ ಮಾಡಿದರೆ ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ.

ಕೈಗೆ ಹತ್ತಿದ ಮೇಲೆ ನಾಲ್ಕನೇ ಹಾಡು ‘ಲಾ ಸಿಗಾರಾ’ ಹಾಕಿ. ಮೊದಲ ಹಾಡಿನಿಂದ ಕ್ರಮವಾಗಿ ಬರಬೇಕೆಂದೇನಿಲ್ಲ, ಇದೇ ಈ ಆಲ್ಬಮ್‌ನ ಗರ್ಭಗುಡಿ. ಸಿಗಾರಾ ಅಂದರೆ ಜೀರುಂಡೆ. ಇನ್ನು ಹಾಡಬೇಡ, ನಿನ್ನ ಹಾಡು ನನ್ನೆದೆಗೆ ಕಠಾರಿಯಂತೆ ಇಳಿಯುತ್ತಿದೆ, ಹಾಡುವಾಗ ನೀನು ಸಾರುತ್ತಿರುವುದು ನಿನ್ನದೇ ಸಾವನ್ನು ಎಂದು ಅದಕ್ಕೆ ಹೇಳುವ ಹಾಡು. ಈ ಹಾಡಿನ ನಡುವೆ ಪದಗಳು ನಿಂತು ಬರೀ ಸ್ವರ ಉಳಿಯುವ ಜಾಗ ಬರುತ್ತದೆ. ಅಲ್ಲಿ ದನಿ ಎದೆಯಿಂದ ಒಮ್ಮೆಲೆ ತಲೆಗೆ ನೆಗೆಯುತ್ತದೆ. ಇದಕ್ಕೆ ಫಾಲ್ಸೆತೆ ಎನ್ನುತ್ತಾರೆ. ನಮ್ಮ ಕಿವಿಗೆ ಒಂದು ಎಚ್ಚರಿಕೆ: ಇಲ್ಲಿ ಮೀಂಡ್ ಹುಡುಕಬೇಡಿ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವುದು ಇಲ್ಲಿ ತಪ್ಪು. ನಡುವೆ ದನಿ ಚಿಟಕ್ಕನೆ ಮುರಿಯಬೇಕು, ಆ ಮುರಿತ ಕೇಳಿಸಬೇಕು. ಮುರಿತವೇ ಅಲಂಕಾರ.

ಗಂಡಸರ ದನಿಯಲ್ಲಿ ಎದೆಗೂ ತಲೆಗೂ ಬಣ್ಣದ ಅಂತರ ದೊಡ್ಡದು, ನೆಗೆದರೆ ಯಾರಿಗಾದರೂ ಗೊತ್ತಾಗುತ್ತದೆ. ಹೆಂಗಸರ ದನಿಯಲ್ಲಿ ಆ ಅಂತರ ಕಿರಿದು. ಆದ್ದರಿಂದ ಹಾಡುವಾಕೆ ನೆಗೆಯುವ ಮುಂಚಿನ ಸ್ವರವನ್ನು ಎದೆಯಲ್ಲಿ ಗಟ್ಟಿಯಾಗಿ ಊರದಿದ್ದರೆ ಮುರಿತ ತಿಳಿಯುವುದೇ ಇಲ್ಲ, ಹಾಡು ನುಣ್ಣಗಾಗಿ ಸಪ್ಪೆಯಾಗುತ್ತದೆ. ಕಲಿಯುವವರು ಮಾಡುವ ತಪ್ಪು ಎರಡು. ಒಂದು, ಎದೆಯ ದನಿಯನ್ನೇ ಮೇಲಕ್ಕೆ ತಳ್ಳುತ್ತಾ ಹೋಗುವುದು. ಕುತ್ತಿಗೆ ಬಿಗಿದು ಕೊನೆಗೆ ಕಿರುಚಾಟವಾಗುತ್ತದೆ. ಇನ್ನೊಂದು, ಮೇಲೆ ಹೋದ ಕೂಡಲೇ ಉಸಿರು ಬಿಟ್ಟುಬಿಡುವುದು. ದನಿ ಪಿಟೀಲುಗಳ ಕೆಳಗೆ ಮುಳುಗುತ್ತದೆ. ಲಿಂಡಾ ಮೇಲಿನ ಸ್ವರವನ್ನು ಹಿಡಿದು ನಿಲ್ಲಿಸುವಾಗ ಗಮನಿಸಿ, ಕೆಳಗಿನ ಸ್ವರಕ್ಕಿದ್ದ ತೂಕ ಮೇಲೆಯೂ ಇದೆ. ತಾಳ ಕೆಳಗೆ ಕುದಿಯುತ್ತಿದೆ, ದನಿ ಮೇಲೆ ಅಲುಗದೆ ನಿಂತಿದೆ. ಈ ನಾಲ್ಕಾರು ಸೆಕೆಂಡುಗಳಿಗೆ ಆಲ್ಬಮ್‌ನ ಬೆಲೆ ಸಂದಿತು.

ಈ ಹಾಡನ್ನು ಜನಮನದಲ್ಲಿ ನೆಲೆನಿಲ್ಲಿಸಿದವರು ಲೋಲಾ ಬೆಲ್ತ್ರಾನ್ (1932–1996). ಸಿನಾಲೊವಾ ಪ್ರಾಂತದ ಎಲ್ ರೊಸಾರಿಯೊ ಊರಿನಾಕೆ, ಮೆಕ್ಸಿಕೊ ನಗರದ ಎಕ್ಸ್‌ಇಡಬ್ಲ್ಯು ರೇಡಿಯೊ ಕೇಂದ್ರದಲ್ಲಿ ಕಚೇರಿ ಕೆಲಸಕ್ಕೆ ಸೇರಿ ಅಲ್ಲಿಂದ ಮೈಕಿನ ಮುಂದೆ ಬಂದವರು. ಜನ ಕರೆದದ್ದು ‘ಲೋಲಾ ಲಾ ಗ್ರಾಂದೆ’, ಅಂದರೆ ಮಹಾನ್ ಲೋಲಾ ಎಂದು. ತನ್ನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಗಾಯಕಿಯರಲ್ಲಿ ಲಿಂಡಾ ಇವರ ಹೆಸರನ್ನು ಮತ್ತೆ ಮತ್ತೆ ಹೇಳಿದ್ದಾರೆ. ಲೋಲಾರ ‘ಲಾ ಸಿಗಾರಾ’ವನ್ನು ಇದರ ಪಕ್ಕದಲ್ಲೇ ಕೇಳಿ. ಲೋಲಾ ಸ್ವರ ಹಿಡಿಯುವ ಮೊದಲು ಒಂದು ಗಳಿಗೆ ತಡೆಯುತ್ತಾರೆ, ಆಣೆಕಟ್ಟಿನ ಬಾಗಿಲು ಎತ್ತುವ ಮುಂಚಿನ ಗಳಿಗೆಯಂತೆ. ಲಿಂಡಾ ತಡೆಯುವುದಿಲ್ಲ, ನೇರ ಏರುತ್ತಾರೆ. ಸ್ವರಶುದ್ಧಿ ಇವರದು ಹೆಚ್ಚು, ಗತ್ತು ಅವರದು ಹೆಚ್ಚು.

ಏಳನೇ ಹಾಡು ‘ರೊಗಾಸಿಯಾನೊ ಎಲ್ ವಾಪಾಂಗೆರೊ’ ವಾಪಾಂಗೊ ಹಾಡುಗಾರನೊಬ್ಬನ ಸಾವಿನ ಹಾಡು. ವಾಸ್ತೆಕಾ ನಾಡಿಗೆ ಸೂತಕ, ಆ ಫಾಲ್ಸೆತೆ ಇನ್ನು ಕೇಳಿಸದು ಎಂಬುದು ಅದರ ಅಳಲು. ಕೇಳಿಸದು ಎಂದು ಅಳುತ್ತಲೇ ಅದೇ ಫಾಲ್ಸೆತೆಯಲ್ಲಿ ಹಾಡಬೇಕು, ಹಾಡಿನ ಸೊಗಸು ಇರುವುದೇ ಅಲ್ಲಿ. ನಮ್ಮ ಲೆಕ್ಕದಲ್ಲಿ ‘ಲಾ ಸಿಗಾರಾ’ದ ಬೆನ್ನಿಗೆ ಕೇಳಬೇಕಾದ ಹಾಡು.

ಮೊದಲ ಹಾಡು ‘ಪೋರ್ ಉನ್ ಅಮೋರ್’ ನಮ್ಮನ್ನು ಇನ್ನೂ ಹಿಂದಕ್ಕೆ, ಲುಚಾ ರೆಯೆಸ್ (1906–1944) ಬಳಿಗೆ ಒಯ್ಯುತ್ತದೆ. ಗ್ವಾದಲಹಾರಾದಲ್ಲಿ ಹುಟ್ಟಿದ ಲುಚಾ ಮೊದಲಿಗೆ ತಾರಸ್ಥಾಯಿಯ ನಯವಾದ ಗಾಯಕಿ. 1920ರ ದಶಕದ ಕೊನೆಯಲ್ಲಿ ಯುರೋಪ್ ಪ್ರವಾಸದಲ್ಲಿ ದನಿ ಕೆಟ್ಟಿತು. ಸುಧಾರಿಸಿಕೊಂಡು ಬಂದಾಗ ದನಿ ಒರಟಾಗಿತ್ತು, ಕೆಳಗಿಳಿದಿತ್ತು. ಆ ಒರಟನ್ನು ಬಚ್ಚಿಡದೆ ಅದರಲ್ಲೇ ಹಾಡಿದರು: ನಡುವೆ ಕೂಗು, ಬಿಕ್ಕು, ಸವಾಲು. ಮಾರಿಯಾಚಿಯ ಮುಂದೆ ಹೆಂಗಸು ಸೆಟೆದು ನಿಂತು ಹಾಡುವ ರಾಂಚೆರಾ ಶೈಲಿ ಅಲ್ಲಿಂದ ಬಂತು. ಆಮೇಲೆ ಬಂದವರೆಲ್ಲ ಆಕೆಯ ಸಾಲಗಾರರು. ಹುಡುಕುವಾಗ ಜಾಗ್ರತೆ: ಪೆರು ದೇಶದಲ್ಲೂ ಇದೇ ಹೆಸರಿನ ದೊಡ್ಡ ಗಾಯಕಿ ಇದ್ದರು (1936–1973), ಅವರು ಹಾಡಿದ್ದು ಅಲ್ಲಿನ ಕ್ರಿಯೊಯೊ ವಾಲ್ಟ್ಸ್. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಇಬ್ಬರ ಹಾಡುಗಳೂ ಒಂದೇ ಪುಟದಲ್ಲಿ ಕಲಸಿಕೊಂಡಿರುತ್ತವೆ. ಹಿಂದೆ ಮಾರಿಯಾಚಿ ಇದ್ದು, ಮುದ್ರಣ ಹಳೆಯ ತಟ್ಟೆಯಂತೆ ಚರಚರ ಎನ್ನುತ್ತಿದ್ದರೆ ಮೆಕ್ಸಿಕೊದಾಕೆ.

ಐದನೇ ಹಾಡು ‘ತೂ ಸೋಲೊ ತೂ’ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ‘ನೀನು, ನೀನೊಬ್ಬಳೇ’ ಎಂದು ಪ್ರೀತಿಯ ಸಂಕಟದಲ್ಲಿ ಕುಡಿದು ತಿರುಗುವ ಗಂಡಸು ಹೇಳಿಕೊಳ್ಳುವ ಹಾಡು. ಬರೆದವರು ಫೆಲಿಪೆ ವಾಲ್ದೆಸ್ ಲೆಯಾಲ್. ಸ್ಪ್ಯಾನಿಷಿನಲ್ಲಿ ವಿಶೇಷಣಕ್ಕೆ ಲಿಂಗವಿದೆ: ಕುಡಿದ ಗಂಡು ‘ಬೊರಾಚೊ’, ಕುಡಿದ ಹೆಣ್ಣು ‘ಬೊರಾಚಾ’. ಹೆಂಗಸು ಈ ಹಾಡು ಎತ್ತಿಕೊಂಡಾಗ ಪದದ ಕೊನೆಯ ಆ ಒಂದು ಸ್ವರಾಕ್ಷರ ಬದಲಾಗುತ್ತದೆ. ವ್ಯಾಕರಣಕ್ಕೆ ಅದು ಸಣ್ಣ ತಿದ್ದುಪಡಿ. ಆದರೆ ಕುಡಿದು ಬೀದಿಯಲ್ಲಿ ನಿಂತು ‘ನೋಡು, ನಿನ್ನಿಂದ ನನ್ನ ಗತಿ’ ಎಂದು ಹೇಳುವ ಹಕ್ಕು ಅಲ್ಲಿಯವರೆಗೆ ಗಂಡಸಿನದು, ‘ಒ’ ಹೋಗಿ ‘ಆ’ ಬಂದ ಕೂಡಲೇ ಆ ಹಕ್ಕು ಹೆಣ್ಣಿನದೂ ಆಯಿತು. ಲಿಂಡಾ ‘ಬೊರಾಚಾ’ ಎಂದು ತಗ್ಗಿಸದೆ, ನಾಚದೆ ಹಾಡುತ್ತಾರೆ.

ಇದೇ ಹಾಡನ್ನು ಸೆಲೆನಾ ಹಾಡಿದ್ದಾರೆ. ಟೆಕ್ಸಸ್‌ನಲ್ಲಿ 1971ರಲ್ಲಿ ಹುಟ್ಟಿ, ಸ್ಪ್ಯಾನಿಷನ್ನು ಹಾಡುಗಳ ಮೂಲಕ ಕಲಿತು, ತೆಹಾನೊ (ಟೆಕ್ಸಸ್‌ನ ಮೆಕ್ಸಿಕನ್ ಮೂಲದವರ) ಸಂಗೀತದ ರಾಣಿ ಎನಿಸಿಕೊಂಡು 1995ರ ಮಾರ್ಚಿನಲ್ಲಿ ಕೊಲೆಯಾದ ಹುಡುಗಿ. ಆಕೆ ಹೋದ ಮೇಲೆ ಅದೇ ವರ್ಷ ಬಂದ ಆಲ್ಬಮ್‌ನಲ್ಲಿ ಈ ಹಾಡು ಮಾರಿಯಾಚಿ ಸಮೇತ ಇದೆ, ಅಮೆರಿಕದ ಲ್ಯಾಟಿನ್ ಹಾಡುಗಳ ಪಟ್ಟಿಯಲ್ಲಿ ಅದು ಹತ್ತು ವಾರ ಮೊದಲ ಸ್ಥಾನದಲ್ಲಿತ್ತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಲಿಂಡಾ ಸಾಲಿನ ಕೊನೆಯ ಸ್ವರವನ್ನು ನೇರವಾಗಿ ಹಿಡಿದು ಕೊನೆಗೆ ಮಾತ್ರ ಕಂಪಿಸುತ್ತಾರೆ. ಸೆಲೆನಾ ಸಾಲಿನ ಕೊನೆಯನ್ನು ಮುರಿಯುತ್ತಾರೆ, ಅಳು ಒತ್ತರಿಸಿ ಬಂದಂತೆ. ಗಡಿಯ ಅಮೆರಿಕದ ಬದಿಯಲ್ಲಿ ಬೆಳೆದ ಇಬ್ಬರು, ಇಂಗ್ಲಿಷ್ ಆಡುವ ಇಬ್ಬರು, ಅಜ್ಜ ಅಜ್ಜಿಯರ ಹಾಡಿಗೆ ಹಿಂದಿರುಗಿ ತಮ್ಮದೇ ದನಿ ಕೊಟ್ಟದ್ದು ಇಲ್ಲಿ ಪಕ್ಕಪಕ್ಕದಲ್ಲಿ ಸಿಗುತ್ತದೆ.

ಉಳಿದವುಗಳಲ್ಲಿ ‘ಕೊರ್ರಿದೊ ದೆ ಕಾನಾನೆಯಾ’, ‘ಲಾ ಬಾರ್ಕಾ ದೆ ಗ್ವಾಯ್ಮಾಸ್’ ಎರಡೂ ಅಜ್ಜನ ಸೊನೋರಾದ್ದು. ಮೊದಲನೆಯದು ತಾಮ್ರದ ಗಣಿಯ ಊರಿನ ಜೈಲಿನಲ್ಲಿ ಸಿಕ್ಕಿಬಿದ್ದವನ ಕಥೆ, ಕೊರ್ರಿದೊ ಅಂದರೆ ನಮ್ಮ ಲಾವಣಿಯಂತೆ ಕಥೆ ಹೇಳುವ ಹಾಡು. ಎರಡನೆಯದು ಬಂದರಿನ ದೋಣಿಯ ಹಾಡು, ಹುಟ್ಟು ಬಿದ್ದಂತೆ ತೂಗುವ ನಡೆ. ಸಂಜೆ ಹೊತ್ತಿಗೆ ಕೇಳಬೇಕಾದದ್ದು ಇದು. ‘ದೋಸ್ ಆರ್ಬೊಲಿತೋಸ್’ ಅಂಗಳದಲ್ಲಿ ಅವಳಿಗಳಂತೆ ಬೆಳೆದ ಎರಡು ಗಿಡಗಳನ್ನು ನೋಡುತ್ತಾ ಒಂಟಿ ಜೀವ ಜೊತೆಗಾಗಿ ದೇವರನ್ನು ಬೇಡುವ ಹಾಡು. ‘ಇ ಆಂದಲೆ’ಯಲ್ಲಿ ಲಿಂಡಾಳ ಅಣ್ಣನ ಮಗಳು ಮಿಂಡಿ ಜೊತೆಗೂಡುತ್ತಾಳೆ. ಕೊನೆಯ ‘ಎಲ್ ಸೋಲ್ ಕೆ ತೂ ಎರೆಸ್’ ಡೇನಿಯಲ್ ವಾಲ್ದೆಸ್ ಜೊತೆಗಿನ ಯುಗಳಗೀತೆ, ಅಷ್ಟೂ ಟ್ರಂಪೆಟ್‌ಗಳ ನಂತರ ತಣ್ಣಗಿನ ಗಾಳಿಯಂತೆ ಬರುತ್ತದೆ.

ಹಾಡಿಕೊಳ್ಳಲು ಇಷ್ಟಪಡುವವರಿಗೆ ಒಂದು ಮಾತು. ಸ್ಪ್ಯಾನಿಷ್ ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಇಂಗ್ಲಿಷಿನ ಮೂಲಕ ಹೋಗಬೇಡಿ. ಅದರ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ. ತ ಮತ್ತು ದ ನಮ್ಮಂತೆ ಹಲ್ಲಿಗೆ ತಾಗಿ ಹುಟ್ಟುತ್ತವೆ. ಎಚ್ ಅಕ್ಷರ ಮೌನ, ಜೆ ಬಂದರೆ ಹ, ಎರಡು ಎಲ್ ಬಂದರೆ ಯ, ಮೆಕ್ಸಿಕೊದಲ್ಲಿ ಜಡ್ ಬಂದರೆ ಸ. ತಪ್ಪುವುದು ಸಂಧಿಯಲ್ಲಿ. ಒಂದು ಪದದ ಕೊನೆಯ ಸ್ವರ, ಮುಂದಿನ ಪದದ ಮೊದಲ ಸ್ವರ ಎರಡೂ ಒಂದೇ ಎಣಿಕೆಯಲ್ಲಿ ಕೂಡಿಕೊಳ್ಳುತ್ತವೆ. ‘ಇ ಆಂದಲೆ’ ಎಂದು ಬಿಡಿಸಿ ಹಾಡಿದರೆ ನಾಲ್ಕು ಅಕ್ಷರ, ತಾಳ ಮುಂದೆ ಓಡಿಹೋಗುತ್ತದೆ. ಹಾಡುವುದು ‘ಯಾಂದಲೆ’, ಮೂರೇ ಅಕ್ಷರ. ಅತಿ ಅಂತ ಸೇರಿ ಅತ್ಯಂತ ಆದ ಹಾಗೆ, ಶಾಲೆಯಲ್ಲಿ ಕಲಿತ ಯಣ್ ಸಂಧಿಯೇ. ಮೂರನೇ ಹಾಡಿನ ಶೀರ್ಷಿಕೆ ‘ಆಯ್ ಉನೊಸ್ ಓಹೊಸ್’ ಕೂಡ ಬಾಯಲ್ಲಿ ‘ಆಯುನೊಸೋಹೊಸ್’ ಎಂದೇ ಹರಿಯಬೇಕು.

ಇನ್ನು ಕೊರತೆಗಳು. ಈ ಆಲ್ಬಮ್ ತೀರಾ ಶುಭ್ರ. ಪಿಟೀಲುಗಳು ಒಂದೇ ಕೈ ನುಡಿಸಿದಂತೆ ಕೂಡಿವೆ, ದನಿ ಎಲ್ಲಿಯೂ ತಪ್ಪುವುದಿಲ್ಲ, ಸಂಕಟದ ಹಾಡೂ ಇಸ್ತ್ರಿ ಮಾಡಿದ ಬಟ್ಟೆಯಂತೆ ಬರುತ್ತದೆ. ರಾಂಚೆರಾಕ್ಕೆ ಬೇಕಾದ ಮಸಿ, ಹೊಗೆ, ನಿದ್ದೆಗೆಟ್ಟ ಕಣ್ಣು ಇಲ್ಲಿ ಕಡಿಮೆ. ಹೆಂಡದಂಗಡಿಯ ನಡುರಾತ್ರಿಯನ್ನು ಹಾಡಿನೊಳಗೆ ತಂದ ಹೊಸೆ ಆಲ್ಫ್ರೆದೊ ಹಿಮೆನೆಸ್ (1926–1973) ಬರೆದ ಒಂದು ಹಾಡೂ ಇದರಲ್ಲಿಲ್ಲ. ಅಪ್ಪನ ಕಾಲದ ಹಾಡುಗಳನ್ನೇ ಆರಿಸಿದ್ದರಿಂದ ಇದು ಸಹಜ, ಆದರೂ ಕೇಳುವವರಿಗೆ ಆ ಕತ್ತಲು ಕಾಣದೆ ಹೋಗುತ್ತದೆ.

ಕತ್ತಲು ಬೇಕಾದರೆ ಇಬ್ಬರ ಬಳಿ ಹೋಗಿ. ಒಬ್ಬರು ಮಿಚೊವಾಕಾನ್ ಪ್ರಾಂತದ ಅಮಾಲಿಯಾ ಮೆಂಡೋಸಾ (1923–2001). ಅವರ ಹಾಡಿನಲ್ಲಿ ಬಿಕ್ಕಳಿಕೆ ಅಲಂಕಾರವಾಗಿ ಬರುವುದಿಲ್ಲ, ಸಾಲೇ ಬಿಕ್ಕಿ ಬಿಕ್ಕಿ ಮುಂದೆ ಸಾಗುತ್ತದೆ. ಇನ್ನೊಬ್ಬರು ಚಾವೆಲಾ ವಾರ್ಗಾಸ್. ಕೋಸ್ಟರಿಕಾದಲ್ಲಿ 1919ರಲ್ಲಿ ಹುಟ್ಟಿ ಮೆಕ್ಸಿಕೊವನ್ನು ತನ್ನದಾಗಿಸಿಕೊಂಡು 2012ರಲ್ಲಿ ಕ್ವೆರ್ನವಾಕಾದಲ್ಲಿ ತೀರಿಕೊಂಡವರು. ಟ್ರಂಪೆಟ್ಟನ್ನೂ ಪಿಟೀಲನ್ನೂ ಬಿಟ್ಟು ಬರೀ ಗಿಟಾರಿನ ಮೇಲೆ, ಅರ್ಧ ವೇಗದಲ್ಲಿ, ಕೆಲವು ಪದಗಳನ್ನು ಮಾತಿನಂತೆ ಹೇಳುತ್ತಾ ಹಾಡಿದರು. ಮತ್ತೊಂದು ಕೆಲಸ ಮಾಡಿದರು: ಗಂಡಸು ಹೆಣ್ಣಿಗೆ ಬರೆದ ಹಾಡಿನ ಲಿಂಗವನ್ನು ಬದಲಿಸದೆ ಹಾಗೆಯೇ ಹಾಡಿದರು. ಲಿಂಡಾ, ಸೆಲೆನಾ ಒಂದು ಸ್ವರ ಬದಲಿಸಿ ಹಾಡನ್ನು ಹೆಣ್ಣಿನದಾಗಿಸಿದರು. ಚಾವೆಲಾ ಒಂದು ಸ್ವರವನ್ನೂ ಬದಲಿಸದೆ ಹೆಣ್ಣು ಹೆಣ್ಣನ್ನು ಪ್ರೀತಿಸುವ ಹಾಡಾಗಿಸಿದರು. ಆ ಕಾಲದ ಮೆಕ್ಸಿಕೊದಲ್ಲಿ ಅದಕ್ಕೆ ಬೇಕಾದ ಎದೆಗಾರಿಕೆ ಸಾಮಾನ್ಯದ್ದಲ್ಲ. 2003ರಲ್ಲಿ, ಎಂಬತ್ತು ದಾಟಿದ ಮೇಲೆ, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು.

ಒಂಟಿ ದನಿ, ಒಂದೇ ಗಿಟಾರು ಎಂಬ ದಾರಿ ಇನ್ನೂ ಹಳೆಯದು. ಹನ್ನೆರಡು ತಂತಿಯ ಗಿಟಾರು ಹಿಡಿದು 1934ರಲ್ಲಿ ಸಾನ್ ಅಂತೋನಿಯೊದಲ್ಲಿ ಧ್ವನಿಮುದ್ರಣ ಮಾಡಿದ ಲಿಡಿಯಾ ಮೆಂಡೋಸಾ (1916–2007) ಹೊಲದ ಕೂಲಿಗಳ ನಡುವೆ ಹಾಡಿ ಬೆಳೆದವರು, ಗಡಿನಾಡಿನ ಬಾನಾಡಿ ಎಂದು ಹೆಸರಾದವರು. ಮನೆತನದ ಹೆಸರು ಒಂದೇ ಆದರೂ ಅಮಾಲಿಯಾಗೂ ಇವರಿಗೂ ಸಂಬಂಧವಿಲ್ಲ.

ಕೊಳ್ಳುವ ವಿಚಾರಕ್ಕೆ ಬಂದರೆ, ಸ್ಟ್ರೀಮಿಂಗ್‌ನಲ್ಲಿ ಕೇಳುವುದಾದರೆ ಆಲ್ಬಮ್ ಹೆಸರಿನಿಂದಲೇ ಹುಡುಕಿ; ಗಾಯಕಿಯ ಹೆಸರು ಹಾಕಿದರೆ ಮೊದಲು ಸಾಲುಗಟ್ಟಿ ಬರುವುದು ರಾಕ್ ಹಾಡುಗಳು. ಹಾಡುಗಳ ಕ್ರಮ ಕಲಸುವ ‘ಶಫಲ್’ ಆಫ್ ಮಾಡಿ. ಲೋಲಾ, ಅಮಾಲಿಯಾರ ಹಾಡುಗಳಲ್ಲಿ ಒಂದೇ ಹಾಡಿನ ಹಲವು ಮುದ್ರಣಗಳಿರುತ್ತವೆ, ಕೆಲವಕ್ಕೆ ಆಮೇಲೆ ಕೃತಕ ಪ್ರತಿಧ್ವನಿ ಸೇರಿಸಿರುತ್ತಾರೆ. ದನಿ ಬಾವಿಯೊಳಗಿಂದ ಬಂದಂತಿದ್ದರೆ ಅದನ್ನು ಬಿಟ್ಟು ಇನ್ನೊಂದು ನೋಡಿ. ಹಳೆಯ ಎಲ್‌ಪಿ ಕೊಳ್ಳುವುದಾದರೆ ಅಂಗಡಿಯವರಿಗೆ ಹೇಳಿ ಪ್ರತಿ ಬದಿಯ ಕೊನೆಯ ಹಾಡನ್ನು ಹಾಕಿಸಿ ಕೇಳಿ. ತಟ್ಟೆಯ ನಡುವಿಗೆ ಬಂದಂತೆ ಗೆರೆಯ ಸುತ್ತು ಚಿಕ್ಕದಾಗುತ್ತದೆ, ಮುಳ್ಳು ಸವೆದಿದ್ದ ಯಂತ್ರದಲ್ಲಿ ಹಿಂದೆ ಓಡಿಸಿದ್ದರೆ ಎತ್ತರದ ದನಿ ಅಲ್ಲಿಯೇ ಮೊದಲು ಬಿರುಕು ಬಿಡುತ್ತದೆ. ಇದು ತೊಳೆದರೆ ಹೋಗುವ ದೋಷವಲ್ಲ. ಒಟ್ಟಿನಲ್ಲಿ ನಮ್ಮ ಸಲಹೆ ಸಿ.ಡಿ.: ಗೆರೆ ಸವೆಯುವ ತೊಂದರೆ ಇಲ್ಲ, ಜೊತೆಗಿನ ಪುಸ್ತಿಕೆ ಕೈಯಲ್ಲಿರುತ್ತದೆ. ಬಳಸಿದ ಪ್ರತಿಯಾದರೆ ಪುಸ್ತಿಕೆ ಇದೆಯೇ ಎಂದು ಕೇಳಿಯೇ ದುಡ್ಡು ಕೊಡಿ.

ಲಿ‌ಂಡಾ ಇದೇ ಹಾದಿಯಲ್ಲಿ 1991ರಲ್ಲಿ ‘ಮಾಸ್ ಕಾನ್ಸಿಯೋನೆಸ್’ ಮಾಡಿದರು, 1992ರಲ್ಲಿ ‘ಫ್ರೆನೆಸಿ’. ಮೊದಲನೆಯದು ಇದರ ತಂಗಿ, ಇಷ್ಟವಾದವರು ಕೊಳ್ಳಬಹುದು. ಎರಡನೆಯದು ಕ್ಯೂಬಾ ಕಡೆಯ ಕುಣಿತದ ಹಾಡುಗಳದು, ರುಚಿ ಬೇರೆ. ಕಾಯಿಲೆಯಿಂದ ಆಕೆಯ ದನಿ ಕಳೆದುಹೋಯಿತು, 2009ರ ನಂತರ ಕಛೇರಿ ಮಾಡಿಲ್ಲ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ಮನ್ನು ರಾಷ್ಟ್ರೀಯ ಧ್ವನಿಮುದ್ರಿಕೆಗಳ ಸಂಗ್ರಹಕ್ಕೆ ಸೇರಿಸಿತು. ಅಷ್ಟರಲ್ಲಿ ಅಮೆರಿಕದ ನೆಲದಲ್ಲಿ ಹೆಂಗಸರು ಮಾರಿಯಾಚಿಯ ಮುಂದೆ ಹಾಡುವುದಷ್ಟೇ ಅಲ್ಲ, ಗಿತಾರೋನ್, ಟ್ರಂಪೆಟ್‌ಗಳನ್ನೂ ಕೈಗೆ ತೆಗೆದುಕೊಂಡಿದ್ದರು: ಲಾಸ್ ಏಂಜಲೀಸ್‌ನಲ್ಲಿ 1994ರಲ್ಲಿ ಹುಟ್ಟಿದ ‘ಮಾರಿಯಾಚಿ ರೇಯ್ನಾ’, ನ್ಯೂಯಾರ್ಕಿನ ‘ಫ್ಲೋರ್ ದೆ ತೊಲೊವಾಚೆ’ ಪೂರ್ತಿ ಹೆಂಗಸರ ತಂಡಗಳು.

ಇದು ಮುಗಿದ ಮೇಲೆ ಮುಂದೇನು ಎಂದರೆ ನತಾಲಿಯಾ ಲಾಫುರ್ಕಾಡ್ ಅವರ 2017ರ ‘ಮೂಸಾಸ್’. ವೆರಾಕ್ರೂಸ್‌ನ ಕೊವಾತೆಪೆಕ್‌ನಲ್ಲಿ ಬೆಳೆದಾಕೆ, ಮೊದಲು ಪಾಪ್ ಹಾಡಿದಾಕೆ, ಲಿಂಡಾಳಂತೆಯೇ ಹೆಸರು ಮಾಡಿದ ಮೇಲೆ ಹಳೆಯ ಹಾಡುಗಳ ಕಡೆ ತಿರುಗಿದಾಕೆ. ಮಾರಿಯಾಚಿಯ ತುಂಬುಗದ್ದಲದ ನಂತರ ಇದು ಕಿವಿಗೆ ಬಿಡುವು, ಬೆರಳು ತಂತಿ ಬಿಡುವ ಸದ್ದೂ ಕೇಳುವಷ್ಟು ಹತ್ತಿರದ ಮುದ್ರಣ. ಗಿಟಾರು ಹಿಡಿದವರು ‘ಲೋಸ್ ಮಾಕೊರಿನೋಸ್’ ಎಂಬ ಇಬ್ಬರು ಹಿರಿಯರು. ಚಾವೆಲಾ ವಾರ್ಗಾಸ್ ಹಾಡುವಾಗ ಪಕ್ಕದಲ್ಲಿ ಕೂತು ನುಡಿಸುತ್ತಿದ್ದವರು ಇವರೇ. ಚಾವೆಲಾರ ಒಂದು ಹಾಡು ಕೇಳಿ, ತಕ್ಷಣ ‘ಮೂಸಾಸ್’ ಹಾಕಿ: ದನಿ ಬದಲಾಗಿರುತ್ತದೆ, ತಂತಿ ಮೀಟುವ ಬೆರಳು ಅದೇ.